ಮಾಲು ನೋಡಿರಿ, ಮಾಲಕನನ್ನಲ್ಲ

ಸೊಲ್ಲಾಪುರದ ಪೇಟೆಗೆ ತೊಗರಿ ಬಂದರೆ ನಾವು ಕಾಳನ್ನು ಅಂಗೈಗೆ ಹಾಕಿಕೊಂಡು ನೋಡುತ್ತೇವೆ. ತಂದವನ ಭಾಷೆ ಕೇಳುವುದಿಲ್ಲ. ವಾದಕ್ಕೆ ಕುಳಿತಾಗ ಮಾತ್ರ ಈ ವ್ಯಾಪಾರಬುದ್ಧಿ ಮರೆತುಹೋಗುತ್ತದೆ.

ಗಡಿ ವಿಷಯವನ್ನೇ ತೆಗೆದುಕೊಳ್ಳಿರಿ. 1967ರಲ್ಲಿ ಮಹಾಜನ ಆಯೋಗವು ಬೆಳಗಾವಿ ಮೈಸೂರು ರಾಜ್ಯದಲ್ಲೇ ಇರಲಿ, ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ, ಅಕ್ಕಲಕೋಟೆ ಮೈಸೂರಿಗೆ ಬರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. ನಮ್ಮ ಅಂಗಡಿಕಟ್ಟೆಯಲ್ಲಿ ವರದಿ ಓದಿದವರು ಒಬ್ಬರೂ ಇರಲಿಲ್ಲ. ಬರೆದವರನ್ನು, ಒಪ್ಪದವರನ್ನು ಬೈದವರೇ ಎಲ್ಲ.

2022ರ ಕೊನೆಗೆ ಅಕ್ಕಲಕೋಟೆ ತಾಲೂಕಿನ ಕೆಲವು ಹಳ್ಳಿಗಳು, ಸೌಕರ್ಯಗಳಿಲ್ಲವೆಂದು, ಕರ್ನಾಟಕಕ್ಕೆ ಸೇರುತ್ತೇವೆ ಎಂದವು. ಆ ಕಡೆಯ ಹಳೆಯ ಗಿರಾಕಿಯೊಬ್ಬರು ನಮ್ಮ ಗಾದಿಯ ಮೇಲೆ ಕುಳಿತು ಅದನ್ನೇ ಆಡಿದರು. "ಉಂಡ ಮನೆಗೆ ಎರಡು ಬಗೆಯುವವರು ನೀವು" ಎಂದುಬಿಟ್ಟೆವು. ಅವರು ಚಹಾ ಮುಟ್ಟದೆ ಎದ್ದುಹೋದರು. ಅವರು ಹೇಳಿದ್ದು ರಸ್ತೆಯ ಮಾತು. ನಾವು ಕೊಟ್ಟದ್ದು ಬೈಗುಳ. ರಸ್ತೆ ಇದೆ ಎಂದಾದರೂ ನಾವು ತೋರಿಸಿದೆವೇ? ಇಲ್ಲ.

ಎದುರಿನವರ ಮಾತಿನಲ್ಲೂ ಸತ್ಯಾಂಶವಿರಬಹುದು ಎನ್ನುವ ಅನೇಕಾಂತವನ್ನು ಬಸದಿಯಲ್ಲಿ ಕೇಳಿ ಅಂಗಡಿಯಲ್ಲಿ ಮರೆತರೆ ಏನು ಫಲ? ಮುಂದಿನ ಕ್ಷಮಾವಣಿಯಂದು ಅವರ ಊರಿಗೇ ಹೋಗಿ ಕೈಮುಗಿದೆವು. ದಾರಿಯುದ್ದಕ್ಕೂ ತಗ್ಗುಗಳು. ಅವರು ನಕ್ಕು, "ಸಾವಕಾರ್ರೇ, ಈಗ ಮಾಲು ನೋಡಿದಿರಲ್ಲ" ಎಂದರು.