ಸರ್ ಕಾವಸಜಿ ಜಹಾಂಗೀರ್ ಸಭಾಗೃಹದ ರೂಪಾಂತರ

ಮುಂಬಯಿಯ ಕೋಟೆ ಪ್ರದೇಶದಲ್ಲಿ ವಸ್ತುಸಂಗ್ರಹಾಲಯದ ಎದುರಿಗಿರುವ ಸರ್ ಕಾವಸಜಿ ಜಹಾಂಗೀರ್ ಸಾರ್ವಜನಿಕ ಸಭಾಗೃಹವು 1911ರಲ್ಲಿ ನಿರ್ಮಿತವಾದುದು. ದಾನಿಯ ಹೆಸರೇ ಕಟ್ಟಡಕ್ಕೆ ನಿಂತಿತು. ವಿನ್ಯಾಸವು ವಸ್ತುಸಂಗ್ರಹಾಲಯದ ಶಿಲ್ಪಿಯೂ ಆದ ಜಾರ್ಜ್ ವಿಟೆಟ್‌ನದು. ದೊಡ್ಡ ಸಭಾಂಗಣಗಳು ವಿರಳವಾಗಿದ್ದ ಆ ಕಾಲದಲ್ಲಿ ರಾಜಕೀಯ ಸಭೆಗಳೂ ಸಂಗೀತ ಕಚೇರಿಗಳೂ ಇಲ್ಲಿ ಜರುಗಿದವು. ಮುಂದೆ ನಗರದಲ್ಲಿ ಹೊಸ ಸಭಾಂಗಣಗಳು ತಲೆಯೆತ್ತಿದಂತೆ ಇದರ ಬೇಡಿಕೆ ಕುಗ್ಗಿತು; ಮುಷ್ಟಿಯುದ್ಧ, ಕಾರ್ಮಿಕ ಸಂಘಗಳ ಸಭೆ, ಮದುವೆಯ ಆರತಕ್ಷತೆ ಮೊದಲಾದವುಗಳಿಗೆ ಬಾಡಿಗೆಗೆ ಹೋಗತೊಡಗಿತು. ಇದನ್ನು ಅವನತಿಯೆಂದು ಬಗೆಯುವವರುಂಟು. ಆದರೆ ‘ಸಾರ್ವಜನಿಕ’ ಎಂಬ ಮಾತು ಅಕ್ಷರಶಃ ಸಾರ್ಥಕವಾದದ್ದು ಆ ದಿನಗಳಲ್ಲಿಯೇ ಅಲ್ಲವೇ?

1996ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಮುಂಬಯಿ ಶಾಖೆ ಇಲ್ಲಿ ತೆರೆಯಿತು. ಹೊರಗೋಡೆಗಳನ್ನು ಉಳಿಸಿಕೊಂಡು, ಒಳಗೆ ಅರ್ಧವೃತ್ತಾಕಾರದ ಅಂತಸ್ತುಗಳನ್ನು ರಚಿಸಿ, ಅವುಗಳನ್ನು ಮೆಟ್ಟಿಲುಗಳಿಂದ ಜೋಡಿಸಲಾಯಿತು. ಅನತಿದೂರದ ಜಹಾಂಗೀರ್ ಕಲಾ ಗ್ಯಾಲರಿಯು 1952ರಲ್ಲಿ ಅದೇ ಮನೆತನದ ದಾನದಿಂದ ಸ್ಥಾಪಿತವಾದುದು. ಅದಕ್ಕಾಗಿ ಒತ್ತಾಯಪಡಿಸಿದವರಲ್ಲಿ ಹೋಮಿ ಭಾಭಾರೊಡನೆ ನಮ್ಮ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರೂ ಒಬ್ಬರು. ಹೆಬ್ಬಾರರು ಜನಿಸಿದುದೂ 1911ರಲ್ಲಿ. ನಿಧನರಾದುದು 1996ರ ಮಾರ್ಚಿಯಲ್ಲಿ, ಹಳೆಯ ಸಭಾಗೃಹವು ಕಲಾಮಂದಿರವಾಗಿ ತೆರೆಯುವುದಕ್ಕೆ ಒಂಬತ್ತು ತಿಂಗಳು ಮೊದಲು.

ಗೋಡೆಗಳು ಉಳಿದುವೆಂಬುದು ಸಮಾಧಾನದ ಸಂಗತಿ. ಆದರೆ ಸಾವಿರ ಕಿವಿಗಳು ಒಂದೇ ದನಿಗೆ ತೆರೆದಿರುತ್ತಿದ್ದ ಆ ವಿಶಾಲ ಒಳಾಂಗಣ ಮಾತ್ರ ಇಂದು ಅಲ್ಲಿಲ್ಲ.