ಕೊಳಾಯಿಗೆ ಅಂಟಿದ ಸುಣ್ಣ

ಬೆಂಗಳೂರಿನ ವರ್ತೂರು, ಗುಂಜೂರು, ಬಳಗೆರೆ ಕಡೆ ಬಾಡಿಗೆಗೆ ಮನೆ ನೋಡಲು ಹೋದವರು ಬಚ್ಚಲುಮನೆಯ ಕೊಳಾಯಿ ನೋಡಿದರೆ ಸಾಕು, ಆ ಮನೆಗೆ ಬರುವುದು ಎಂಥ ನೀರು ಎಂಬುದು ಗೊತ್ತಾಗಿಬಿಡುತ್ತದೆ. ಕೊಳಾಯಿಯ ಬುಡದಲ್ಲಿ ಬಿಳಿ ಹಕ್ಕಳೆ ಕಟ್ಟಿರುತ್ತದೆ. ಷವರಿನ ಅರ್ಧ ತೂತುಗಳು ಮುಚ್ಚಿಹೋಗಿ ನೀರು ಅಡ್ಡಾದಿಡ್ಡಿ ಚಿಮ್ಮುತ್ತದೆ. ಕಪ್ಪು ಗ್ರಾನೈಟಿನ ಮೇಲೆ ಒಣಗಿದ ಹನಿಗಳ ಬೂದು ಉಂಗುರಗಳು, ಬಕೆಟ್ಟಿನ ಒಳಗೆ ಸುತ್ತಲೂ ಜಿಡ್ಡಿನ ಪಟ್ಟೆ. ಇದು ಬೋರ್‌ವೆಲ್ ನೀರು, ಇಲ್ಲವೇ ಬೋರ್‌ವೆಲ್ಲಿನಲ್ಲೇ ತುಂಬಿಸಿಕೊಂಡು ಬಂದ ಟ್ಯಾಂಕರ್ ನೀರು.

ಈ ಬಿಳಿ ಹಕ್ಕಳೆಯನ್ನು ಉಪ್ಪುನೀರಿನ ಕಲೆ ಎಂದು ಕರೆಯುವುದು ವಾಡಿಕೆ. ಆದರೆ ಅಡುಗೆ ಉಪ್ಪಾಗಿದ್ದರೆ ಒದ್ದೆ ಬಟ್ಟೆಯ ಒಂದೇ ಒರೆತಕ್ಕೆ ಕರಗಿಹೋಗುತ್ತಿತ್ತು. ಕೊಳಾಯಿಗೆ ಅಂಟಿರುವುದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದಕಲ್ಲು, ಮೊಟ್ಟೆಯ ಚಿಪ್ಪು, ಹಳೆಯ ಮನೆಗಳ ಗೋಡೆಗೆ ಬಳಿದು ಒಣಗಿದ ಸುಣ್ಣ ಎಲ್ಲವೂ ಅದೇ ವಸ್ತು.

ಮಳೆನೀರು ಇಳಿಯುವಾಗ ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಬೆಂಗಳೂರಿನ ಅಡಿಯಲ್ಲಿರುವ ಗ್ರಾನೈಟ್ ಮತ್ತು ನೈಸ್ ಬಂಡೆಗಳ ಬಿರುಕುಗಳಲ್ಲಿ ಆ ನೀರು ವರ್ಷಗಟ್ಟಲೆ ನಿಂತು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಮೆಲ್ಲಮೆಲ್ಲಗೆ ಕರಗಿಸಿಕೊಳ್ಳುತ್ತದೆ. ಇದೇ ಗಡಸು ನೀರು. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಹಾಕಿರುವ ಗೆರೆ ಲೀಟರಿಗೆ 200 ಮಿಲಿಗ್ರಾಂ ಗಡಸುತನ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಿಗೆಯಿದೆ. ಗೀಸರಿನಲ್ಲಿ ನೀರು ಕಾದಾಗ ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕಾಯಿಲ್‌ಗೆ ಅಂಟುತ್ತದೆ. ಹನಿ ಆರಿದ ಜಾಗದಲ್ಲೂ ಆಗುವುದು ಇಷ್ಟೇ.

ಹುಳಿ ನೀರು ಕರಗಿಸಿ ತಂದದ್ದನ್ನು ತೆಗೆಯುವುದಕ್ಕೂ ಹುಳಿಯೇ ಬೇಕು. ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿದ ಬಟ್ಟೆಯನ್ನು ಕೊಳಾಯಿಗೆ ಸುತ್ತಿ ಅರ್ಧ ಗಂಟೆ ಬಿಟ್ಟರೆ ಹಕ್ಕಳೆ ಸಣ್ಣಗೆ ಗುಳ್ಳೆ ಬಿಡುತ್ತಾ ಸಡಿಲಾಗುತ್ತದೆ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಷವರಿಗಾದರೆ ವಿನೆಗರ್ ತುಂಬಿದ ಪ್ಲಾಸ್ಟಿಕ್ ಚೀಲವನ್ನೇ ಅದರ ಬಾಯಿಗೆ ಕಟ್ಟಿ ನೇತುಹಾಕಬಹುದು. ಆದರೆ ಅಮೃತಶಿಲೆ ಮತ್ತು ಕಡಪ ಕಲ್ಲಿನ ಹತ್ತಿರ ಹುಳಿಯನ್ನು ಸುಳಿಯಗೊಡಬಾರದು. ಅವು ಮೈಯೆಲ್ಲ ಸುಣ್ಣದಕಲ್ಲೇ ಆದ್ದರಿಂದ ಕಲೆಯ ಜೊತೆ ನೆಲದ ಹೊಳಪೂ ಹೋಗುತ್ತದೆ. ಅಂಗಡಿಯಲ್ಲಿ ಬಾಟಲಿಗೆ ಇಷ್ಟೆಂದು ಸಿಗುವ ಆಸಿಡ್ ಇನ್ನೂ ಉಗ್ರ. ಟೈಲ್ಸ್ ನಡುವಿನ ಸಿಮೆಂಟನ್ನು ಅದು ತಿಂದುಹಾಕುತ್ತದೆ. ಅದನ್ನು ಬ್ಲೀಚಿನ ಜೊತೆ ಬೆರೆಸಿದರಂತೂ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಎರಡನ್ನೂ ಒಂದೇ ದಿನ, ಒಂದೇ ಜಾಗದಲ್ಲಿ ಬಳಸದಿರುವುದೇ ಕ್ಷೇಮ.

ಬಕೆಟ್ಟಿನ ಜಿಡ್ಡು ಪಟ್ಟೆಯದು ಇನ್ನೊಂದು ಕತೆ. ಸೋಪು ಎಂದರೆ ಎಣ್ಣೆಯ ಆಮ್ಲ ಮತ್ತು ಸೋಡಿಯಂ ಸೇರಿ ಆದದ್ದು. ಗಡಸು ನೀರಿಗೆ ಬಿದ್ದೊಡನೆ ಸೋಡಿಯಂ ಇದ್ದ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂರುತ್ತದೆ. ಹಾಗೆ ಹುಟ್ಟಿದ ಕ್ಯಾಲ್ಸಿಯಂ ಸೋಪು ನೀರಿನಲ್ಲಿ ಕರಗುವುದಿಲ್ಲ, ನೊರೆ ಕೊಡುವುದಿಲ್ಲ. ಬಕೆಟ್ಟಿಗೂ ಬನಿಯನ್ನಿಗೂ ತಲೆಗೂದಲಿಗೂ ಅಂಟಿಕೊಳ್ಳುತ್ತದೆ. ನೀರಿನಲ್ಲಿರುವ ಅಷ್ಟೂ ಕ್ಯಾಲ್ಸಿಯಂ ಮುಗಿದ ಮೇಲೇ ಸೋಪು ತನ್ನ ಕೆಲಸ ಶುರುಮಾಡುವುದು. ಡಿಟರ್ಜೆಂಟ್ ಪುಡಿಗಳು ಬಂದದ್ದು ಈ ತೊಡಕು ಬಿಡಿಸಲು. ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಲೆಂದೇ ಅವುಗಳಲ್ಲಿ ಫಾಸ್ಫೇಟ್, ಜಿಯೊಲೈಟ್, ಸೋಡಾದಂಥ ವಸ್ತುಗಳಿರುತ್ತವೆ.

ಸೋಪಿನ, ಪುಡಿಯ ಕ್ಷಾರ ಗುಣದಿಂದ ನಮ್ಮ ಮನೆಗಳಲ್ಲಿ ಆಗಾಗ ಒಂದು ಗಾಬರಿಯೂ ಹುಟ್ಟುತ್ತದೆ. ಸಾರು ಚೆಲ್ಲಿದ ಬಿಳಿ ಅಂಗಿಗೆ ಸೋಪು ತಿಕ್ಕಿದ ಕೂಡಲೇ ಹಳದಿ ಕಲೆ ರಕ್ತದ ಬಣ್ಣಕ್ಕೆ ತಿರುಗುತ್ತದೆ. ಕಲೆ ಕೆಟ್ಟಿತೆಂದು ಇನ್ನಷ್ಟು ಉಜ್ಜುವ ಅಗತ್ಯವಿಲ್ಲ. ಅರಿಶಿನದ ಕರ್ಕ್ಯುಮಿನ್ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುತ್ತಿದ್ದವರಿಗೆ ಇದು ಹೊಸ ಸುದ್ದಿಯೇನಲ್ಲ. ಚೆನ್ನಾಗಿ ಜಾಲಿಸಿದರೆ ಬಣ್ಣ ಹಳದಿಗೆ ಮರಳುತ್ತದೆ. ಒದ್ದೆ ಬಟ್ಟೆಯನ್ನು ಬಿಸಿಲಿಗೆ ಹರವಿದರೆ ಆ ಹಳದಿಯೂ ಮಾಸುತ್ತದೆ, ಏಕೆಂದರೆ ಬೆಳಕು ಕರ್ಕ್ಯುಮಿನ್ನನ್ನೇ ಒಡೆದುಹಾಕುತ್ತದೆ.

ಗೋಡೆಗೆ ಬಣ್ಣ ಬಳಿಯುವವರಿಗೂ ಎದುರಾಗುವುದು ಇದೇ ಸುಣ್ಣ. ಹೊಸ ಸಿಮೆಂಟ್ ಗಾರೆಯೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ, ಧಾರಾಳವಾಗಿರುತ್ತದೆ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಹಸಿ ಗೋಡೆಗೇ ಆಯಿಲ್ ಪೇಂಟ್ ಹೊಡೆಸಿದರೆ, ಬಣ್ಣದೊಳಗಿನ ಎಣ್ಣೆಯೂ ಗೋಡೆಯ ಕ್ಷಾರವೂ ಸೇರಿ ಗೋಡೆಯ ಮೇಲೆಯೇ ಸೋಪು ತಯಾರಾಗುತ್ತದೆ. ಮೂರನೆಯ ತಿಂಗಳಿಗೆ ಬಣ್ಣ ಜಿಗುಟಾಗಿ ಸುಲಿಯುವುದು ಅದಕ್ಕೆ. ಗಾರೆಗೆ ಕನಿಷ್ಠ 28 ದಿನ ಬಿಟ್ಟು, ಕ್ಷಾರ ತಡೆಯುವ ಪ್ರೈಮರ್ ಹೊಡೆದು, ಆಮೇಲೆ ಎಮಲ್ಷನ್‌ಗೆ ಕೈಹಾಕುವುದು ಸರಿಯಾದ ಕ್ರಮ. ಬಚ್ಚಲಿನ ಹಿಂಬದಿಯ ಗೋಡೆಯಲ್ಲಿ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತಿದ್ದರೆ, ಒಳಗೆ ಸೋರುತ್ತಿರುವ ನೀರು ಗೋಡೆಯ ಲವಣಗಳನ್ನು ಹೊರಕ್ಕೆ ತರುತ್ತಿದೆ ಎಂದರ್ಥ. ಸೋರಿಕೆ ನಿಲ್ಲಿಸದೆ ಎಷ್ಟು ದುಬಾರಿ ಬಣ್ಣ ಬಳಿದರೂ ಅದು ಮುಂದಿನ ಮಳೆಗಾಲದವರೆಗೆ ಮಾತ್ರ. ಹಳೆಯ ಡಿಸ್ಟೆಂಪರ್ ಗೋಡೆಯನ್ನು ಒದ್ದೆ ಬಟ್ಟೆಯಿಂದ ಉಜ್ಜಲೂಬಾರದು. ಅದು ಸೀಮೆಸುಣ್ಣದ ಪುಡಿ ಮತ್ತು ಅಂಟು, ಕಲೆಯೊಡನೆ ತಾನೂ ಕೈಗೆ ಬರುತ್ತದೆ.

ನೀರಿನೊಳಗಿಂದಲೇ ಸುಣ್ಣ ತೆಗೆದುಬಿಟ್ಟರೆ? ವೈಟ್‌ಫೀಲ್ಡ್, ವರ್ತೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಆಳೆತ್ತರದ ಸಿಲಿಂಡರುಗಳಂತೆ ನಿಂತಿರುವ ವಾಟರ್ ಸಾಫ್ಟನರ್ ಮಾಡುವುದು ಇದನ್ನೇ. ಅದರೊಳಗೆ ಸಾಸಿವೆಗಿಂತ ಸಣ್ಣ, ಜೇನುಬಣ್ಣದ ರಾಳದ ಮಣಿಗಳು ತುಂಬಿರುತ್ತವೆ. ಪ್ರತಿ ಮಣಿಯೂ ಮೈತುಂಬ ಋಣ ವಿದ್ಯುದಂಶದ ಜಾಗಗಳನ್ನು ಹೊತ್ತಿರುತ್ತದೆ, ಆ ಜಾಗಗಳಲ್ಲಿ ಸೋಡಿಯಂ ಕೂತಿರುತ್ತದೆ. ಗಡಸು ನೀರು ಹರಿದಾಗ ಮಣಿ ಎರಡು ಸೋಡಿಯಂ ಬಿಟ್ಟುಕೊಟ್ಟು ಒಂದು ಕ್ಯಾಲ್ಸಿಯಂ ಹಿಡಿಯುತ್ತದೆ. ಎಲ್ಲ ಜಾಗವೂ ತುಂಬಿದಾಗ ಯಂತ್ರ ದಣಿಯುತ್ತದೆ. ಆಗ ಗಟ್ಟಿ ಉಪ್ಪುನೀರು ಹಾಯಿಸಬೇಕು. ಮಣಿಗೆ ಕ್ಯಾಲ್ಸಿಯಂ ಮೇಲೆಯೇ ಒಲವು ಹೆಚ್ಚಾದರೂ, ಉಪ್ಪುನೀರಿನ ಸೋಡಿಯಂ ಸಂಖ್ಯಾಬಲದಿಂದಲೇ ಅದನ್ನು ತಳ್ಳಿ ತನ್ನ ಜಾಗ ಮರಳಿ ಪಡೆಯುತ್ತದೆ. ಮೂಟೆಗಟ್ಟಲೆ ಉಪ್ಪು ನೆಲಮಾಳಿಗೆಗೆ ಇಳಿಯುವುದು ಇದಕ್ಕಾಗಿ.

ಈ ಅದಲುಬದಲು ಮೊದಲು ಕಂಡದ್ದು ಹೊಲದ ಮಣ್ಣಿನಲ್ಲಿ. ಗೊಬ್ಬರದ ಅಮೋನಿಯಂ ಅನ್ನು ಮಣ್ಣು ಹಿಡಿದಿಟ್ಟುಕೊಂಡು ಬದಲಿಗೆ ಕ್ಯಾಲ್ಸಿಯಂ ಬಿಟ್ಟುಕೊಡುವುದನ್ನು ಇಂಗ್ಲೆಂಡಿನ ಥಾಂಪ್ಸನ್ ಮತ್ತು ವೇ 1850ರಲ್ಲಿ ವರದಿ ಮಾಡಿದರು. ಕೃತಕ ರಾಳ ಬಂದದ್ದು 1935ರಲ್ಲಿ. ಈಗಲೂ ಹಲವರು ಸಾಫ್ಟನರನ್ನು ಲವಣ ತೆಗೆಯುವ ಆರ್‌ಒ ಯಂತ್ರ ಎಂದೇ ತಿಳಿಯುತ್ತಾರೆ. ಸಾಫ್ಟನರ್ ಲವಣವನ್ನು ಕಡಿಮೆ ಮಾಡುವುದಿಲ್ಲ, ಬದಲಾಯಿಸುತ್ತದೆ ಅಷ್ಟೇ. ಅದು ಚರಂಡಿಗೆ ಬಿಡುವ ಉಪ್ಪುನೀರು ಗಿಡಗಳಿಗೆ ಒಳ್ಳೆಯದಲ್ಲ. ಆದರೆ ಮೆದು ನೀರು ಬರುವ ಮನೆಗೆ ಮೊದಲಿನಷ್ಟು ಸೋಪಿನ ಪುಡಿ ಬೇಕಿಲ್ಲ. ಹಳೆಯ ಅಳತೆಯಲ್ಲೇ ಸುರಿದರೆ ಉಳಿದದ್ದೆಲ್ಲ ಚರಂಡಿಗೆ ಹೋಗುತ್ತದೆ. ಬೆಂಗಳೂರಿನ ಹೊರವಲಯದ 110 ಹಳ್ಳಿಗಳಿಗೆಂದು 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ 5ನೇ ಹಂತ ಉದ್ಘಾಟನೆಯಾಯಿತು. ನದಿಯ ಮೆದು ನೀರು ಬಂದ ಮನೆಗಳಲ್ಲೂ ಪುಡಿಯ ಚಮಚವನ್ನು ಚಿಕ್ಕದು ಮಾಡಬಹುದು.

ಚರಂಡಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ವರ್ತೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ನಗರದ ಕೊಳಚೆ ಬೆಳ್ಳಂದೂರು ಕೆರೆಗೆ ಬಿದ್ದು, ಅಲ್ಲಿಂದ ವರ್ತೂರು ಕೆರೆಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. 2015ರಲ್ಲಿ ವರ್ತೂರು ಕೋಡಿಯ ನೊರೆ ಗಾಳಿಗೆ ಹಾರಿ ರಸ್ತೆಗೇ ಬಂದು, ಬೈಕ್ ಸವಾರರ ಮೈಮೇಲೆ ಬಿದ್ದ ಚಿತ್ರಗಳನ್ನು ಜಗತ್ತೇ ನೋಡಿತು. ಡಿಟರ್ಜೆಂಟಿನ ಫಾಸ್ಫೇಟ್ ಕೆರೆಯ ಕಳೆಗಳಿಗೆ ಗೊಬ್ಬರವಾದರೆ, ಕೊಳೆ ಬಿಡಿಸುವ ಅಣುಗಳು ನೊರೆಗೆ ಕಾರಣವಾಗುತ್ತವೆ. ನೊರೆ ಮಳೆ ಬಂದಾಗಲೇ ಏಕೆ ಉಕ್ಕುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎನ್. ಚಾಣಕ್ಯ ಅವರ ತಂಡ ಬೆಳ್ಳಂದೂರು ಕೆರೆಯಲ್ಲಿ ಅಧ್ಯಯನ ಮಾಡಿತು. ಬೇಸಿಗೆಯುದ್ದಕ್ಕೂ ಆ ಅಣುಗಳಲ್ಲಿ ಒಂದಷ್ಟು ಕೊಳೆತುಹೋಗುತ್ತವೆ, ಉಳಿದವು ಕೆರೆಯ ತಳದ ಕೆಸರಿಗೆ ಅಂಟಿ ತಿಂಗಳುಗಟ್ಟಲೆ ಕೂಡಿಕೊಳ್ಳುತ್ತಾ ಹೋಗುತ್ತವೆ. ಜೋರು ಮಳೆ ಕೆಸರನ್ನು ಕದಡಿದಾಗ ಅವೆಲ್ಲ ಒಟ್ಟಿಗೆ ಮೇಲೇಳುತ್ತವೆ. ಯುಗಾದಿಗೆ ಮುಂಚೆ ಮನೆ ತೊಳೆದು, ಪರದೆ ಒಗೆದು ಚೆಲ್ಲಿದ ನೀರಿನ ಪಾಲು ಜೂನ್ ತಿಂಗಳ ಮಳೆಯಲ್ಲಿ ಕೋಡಿಯ ಮೇಲೆ ಬೆಳ್ಳಗೆ ಕಾಣಿಸಿಕೊಳ್ಳಬಹುದು.