ಒಂದೂಮುಕ್ಕಾಲು ಮೊಳದ ಲೆಕ್ಕ

ಬ್ರಿಟಿಷರ ಬಾಂಬೆ ಕಂದಾಯ ಸರ್ವೆಯ ಕಾಲದ ಹೊಲದ ನಕ್ಷೆಯೊಂದನ್ನು ಬಿಡಿಸಿದರೆ ಗಡಿಗೆರೆಗಿಂತ ಮೊದಲು ಕಣ್ಣು ಸೆಳೆಯುವುದು ಒಳಗಿನ ಚೌಕಗಳು. ಒಂದೇ ಹೊಲವನ್ನು ತುಂಡು ತುಂಡು ಮಾಡಿ, ಒಂದೊಂದರಲ್ಲೂ ಅಗೆದು, ಮಣ್ಣು ಎಂಥದು, ಎಷ್ಟು ಆಳ, ಏನು ದೋಷ ಎಂಬುದನ್ನು ಪುಟ್ಟ ಗುರುತುಗಳಲ್ಲಿ ಬರೆದಿಟ್ಟಿದ್ದಾರೆ. ಕಂದಾಯದ ಹಳೇ ಕಾಗದವೆಂದು ಮೂಲೆಗೆ ಸೇರಿದ ಈ ನಕ್ಷೆಗಳನ್ನು ಮಣ್ಣು ಸವಕಳಿಯ ಅಳತೆಗೆ ಹೊರತೆಗೆಯಲೇಬೇಕು. ಈ ಅಗೆತದ ಕ್ರಮ ಹುಟ್ಟಿದ್ದು ಒಂದು ಸೋಲಿನ ಬೆನ್ನಿಗೆ. ಪ್ರಿಂಗಲ್ ಎಂಬ ಅಧಿಕಾರಿ 1820ರ ದಶಕದ ಕೊನೆಯಲ್ಲಿ ಪುಣೆ ಸೀಮೆಯಲ್ಲಿ ಕಂದಾಯ ಕಟ್ಟಲು ಫಸಲಿನಿಂದ ಖರ್ಚು ಕಳೆದು ನಿವ್ವಳ ಲೆಕ್ಕ ಹಾಕಲು ಹೋಗಿ ಸೋತರು. ಆಮೇಲೆ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಆ ಲೆಕ್ಕ ಬಿಟ್ಟು ನೆಲವನ್ನೇ ಅಗೆದರು. 1847ರ ಜಂಟಿ ವರದಿಯಲ್ಲಿ ಆ ಕ್ರಮ ನಿಯಮವಾಯಿತು. ಧಾರವಾಡದ ಸೀಮೆಗೂ 1860ರ ದಶಕದಲ್ಲಿ ಮೈಸೂರು ಸಂಸ್ಥಾನಕ್ಕೂ ಬಂದದ್ದು ಇದೇ ಪದ್ಧತಿ.

ಅದರ ಜಾಣತನ ಆಳದಲ್ಲಿದೆ. ನಯವಾದ ಕಪ್ಪು ಎರೆ ಒಂದೂಮುಕ್ಕಾಲು ಮೊಳ, ಅಂದರೆ ಸುಮಾರು 80 ಸೆಂಟಿಮೀಟರ್ ಇದ್ದರೆ ಪೂರಾ 16 ಆಣೆ. ಕಾಲು ಮೊಳ ಕಡಿಮೆಯಾದರೆ 14, ಇನ್ನೂ ಕಾಲು ಮೊಳ ಇಳಿದರೆ 12. ಒಟ್ಟು ಒಂಬತ್ತು ವರ್ಗ. ಕೊನೆಯದಕ್ಕೆ ಎರಡೇ ಆಣೆ. ಅಷ್ಟೇ ಆಳದ ಕೆಂಪು ಮಣ್ಣು ಒಂದು ಮೆಟ್ಟಿಲು ಕೆಳಗೆ, ಗರಸು ಮಣ್ಣು ಅದಕ್ಕೂ ಕೆಳಗೆ. ಸುಣ್ಣದ ಹರಳು, ಮರಳು, ಇಳಿಜಾರು, ನೀರಿಂಗದ ನೆಲ, ಮಳೆನೀರು ಕೊಚ್ಚಿಕೊಂಡು ಹೋಗುವ ಜಾಗ ಇವೆಲ್ಲ ದೋಷಗಳು. ಒಂದು ದೋಷಕ್ಕೆ ಒಂದು ವರ್ಗ ಇಳಿತ. ಒಂದೂಕಾಲು ಮೊಳದ ಎರೆ ಮೂರನೇ ವರ್ಗದ್ದು, 12 ಆಣೆಯದು. ಇಳಿಜಾರು, ಸುಣ್ಣದ ಹರಳು ಎರಡೂ ಇದ್ದರೆ ಅದು ಐದನೇ ವರ್ಗಕ್ಕೆ ಬಿದ್ದು ಎಂಟಾಣೆಗೆ ನಿಲ್ಲುತ್ತದೆ. ಎಲ್ಲ ಚೌಕಗಳ ಸರಾಸರಿಯೇ ಆ ಹೊಲದ ಬೆಲೆ. ಬೇರು ಎಷ್ಟು ಇಳಿದೀತು, ನೀರು ಎಷ್ಟು ನಿಂತೀತು ಎಂಬ ರೈತನ ತಿಳಿವಳಿಕೆಯನ್ನು ಹಾರೆ, ಮೊಳಗಳಲ್ಲಿ ಹಿಡಿದ ಈ ಪರಿ ನನಗಂತೂ ಬಹಳ ಹಿಡಿಸುತ್ತದೆ.

ತೆರಿಗೆ ಕೀಳಲು ಬಂದವರ ಅಳತೆಯನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಹಗುರಾದದ್ದಲ್ಲ. ಕಂದಾಯದ ಭಾರಕ್ಕೆ ನಲುಗಿದ ಹಳ್ಳಿಗಳು ಉಂಟು. ಆದರೆ ಆಣೆ ಹೇಳುತ್ತಿದ್ದುದು ಹೊಲಹೊಲದ ನಡುವಿನ ತಾರತಮ್ಯ ಮಾತ್ರ. ರೂಪಾಯಿಯ ದರವನ್ನು ಮಳೆ, ಪೇಟೆಯ ದೂರ ನೋಡಿ ಊರುಗಳ ಗುಂಪಿಗೆ ಬೇರೆಯಾಗಿ ಕಟ್ಟುತ್ತಿದ್ದರು. ದರ ಅನ್ಯಾಯದ್ದಾಗಿದ್ದರೂ ಅಗೆದ ಕುಳಿಯ ಆಳ ಸುಳ್ಳಾಗಬೇಕಿಲ್ಲ. ರಸಸಾರ, ಸಾರಜನಕ, ರಂಜಕ ಯಾವುದನ್ನೂ ಅವರು ನೋಡಲಿಲ್ಲ ಎಂಬುದೂ ದಿಟ. ಆದರೆ ಗೊಬ್ಬರ ಮುಂತಾದವುಗಳಿಂದ ಸರಿಪಡಿಸಬಹುದಾದ ಗುಣಗಳವು. ಕೊಚ್ಚಿಹೋದ ಮೇಲ್ಮಣ್ಣನ್ನು ಯಾವ ಚೀಲವೂ ತಂದುಕೊಡದು. ಈ ಅಳತೆಗೆ ನಿಜವಾದ ಮಿತಿ ಇನ್ನೊಂದಿದೆ: ಒಂದೂಮುಕ್ಕಾಲು ಮೊಳ ಮುಟ್ಟಿದರೆ ಮೇಲಿನ ವರ್ಗ ಸಿಕ್ಕಿತು, ಅದರಾಚೆಯ ಆಳ ದರ್ಜೆಗೆ ಬೇಕಿರಲಿಲ್ಲ. ಹಾಗಾಗಿ ತೀರಾ ಆಳದ ಎರೆಯಲ್ಲಿ ಹೋಲಿಕೆ ಕುಂಟುತ್ತದೆ. ಸವಕಳಿ ಹೆಚ್ಚು ಕಾಡುವ ತೆಳುಮಣ್ಣಿನ ಇಳಿಜಾರುಗಳಲ್ಲಿ ಕುಂಟದು. ಆ ಸರ್ವೆಯ ಎಕರೆ, ಗುಂಟೆ, ಕಂದಾಯ ಇವತ್ತಿನ ಪಹಣಿಗೂ ಹರಿದುಬಂದಿವೆ. ಮಣ್ಣಿಗೆ ಅಲ್ಲಿ ಉಳಿದಿರುವುದು ‘ಮಣ್ಣಿನ ನಮೂನೆ’ ಎಂಬ ಒಂದು ಕಾಲಂ. ಜಲಾನಯನ ಯೋಜನೆಯವರು ಒಡ್ಡು ಹಾಕುವ ಮುನ್ನ ಹಳೇ ನಕ್ಷೆಯ ಅದೇ ಚೌಕದಲ್ಲಿ ಮತ್ತೊಮ್ಮೆ ಹಾರೆ ಇಳಿಸಲಿ. ಆಗ ಒಂದು ಮೊಳವಿದ್ದ ಮಣ್ಣು ಈಗ ಮುಕ್ಕಾಲಿಗೆ ಬಂದಿದ್ದರೆ, ಯಾವ ಹೊಲದ ಒಡ್ಡು ಮೊದಲು ಏಳಬೇಕೆಂದು ಆ ಕಾಲು ಮೊಳವೇ ಹೇಳುತ್ತದೆ.